ನಮ್ಮ ಹಳ್ಳಕ್ಕೆ ಜೊತೆಯಾದ ಎಲ್ಲರಿಗೂ

ನಮ್ಮ ಹಳ್ಳದ ಎರಡೂ ಬದಿಗೆ ಗಡಿಕಲ್ಲು ನೆಟ್ಟಾಯಿತು. ಪ್ಲಾಟು ಮಾಡೋಕೆ ಅಂತ ಮಣ್ಣು ಸುರಿದು ಮುಚ್ಚಿದ್ದ ಭಾಗವನ್ನು ಜೆಸಿಬಿ ತರಿಸಿ ಬಿಡಿಸಿಯೂ ಆಯಿತು. ಆಮೇಲೆ ಪುನರ್ವಸು ಮಳೆ ಬಿಡದೆ ಹೊಡೆಯಿತು, ಹಳ್ಳ ದಂಡೆ ಮುಟ್ಟಿ ಹರಿಯಿತು, ಆದರೆ ನೀರು ಹೊಲಕ್ಕೆ ಏರಿ ನಿಲ್ಲಲಿಲ್ಲ. ಭತ್ತದ ಸಸಿ ಹಚ್ಚಿದಲ್ಲೇ ಇದೆ. ಇಷ್ಟಾದ ಮೇಲೂ ಸುಮ್ನೆ ಕೂತರೆ ಮನಸ್ಸು ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಈ ಹಳ್ಳ ಗೊತ್ತಿರಲಿಕ್ಕಿಲ್ಲ. ಚಿಕ್ಕದು. ಬೆಳಗಾವಿಯ ದಕ್ಷಿಣಕ್ಕೆ ಹೊಲಗಳ ನಡುವೆ ಹರಿದು ಬಳ್ಳಾರಿ ನಾಲಾ ಅನ್ನುವ ದೊಡ್ಡ ಹಳ್ಳಕ್ಕೆ ಸೇರುತ್ತದೆ. ಬಳ್ಳಾರಿ ನಾಲಾ ಮಾರ್ಕಂಡೇಯ ನದಿಗೆ, ಮಾರ್ಕಂಡೇಯ ಗೋಕಾಕದ ಕಡೆ ಹೋಗಿ ಘಟಪ್ರಭೆಗೆ, ಘಟಪ್ರಭೆ ಕೃಷ್ಣೆಗೆ. ಮಳೆಗಾಲದಲ್ಲಿ ಗೊಡಚಿನಮಲ್ಕಿ ಜಲಪಾತ ನೋಡೋಕೆ ಹೋಗ್ತೀವಲ್ಲ, ಅಲ್ಲಿ ಧುಮುಕುವ ನೀರಿನಲ್ಲಿ ನಮ್ಮ ಹಳ್ಳದ ಪಾಲೂ ಇದೆ. ನಾವು ಕುಡಿಯುವ ರಾಕಸಕೊಪ್ಪ ಜಲಾಶಯದ ನೀರೂ ಅದೇ ಮಾರ್ಕಂಡೇಯದ್ದು. ಮೇಲಿನಿಂದ ಚೊಕ್ಕ ನೀರು ತಗೊಂಡು ಕೆಳಗಿನ ಊರುಗಳಿಗೆ ಗಲೀಜು ಕಳಿಸುವುದು ಯಾವ ನ್ಯಾಯ ಹೇಳಿ.

ಮೊದಲ ಧನ್ಯವಾದ ನಮ್ಮ ಹಿರಿಯ ರೈತರಿಗೆ. ಹಳ್ಳ ಎಲ್ಲಿ ತಿರುಗುತ್ತಿತ್ತು, ಎಲ್ಲಿ ಅಗಲವಾಗುತ್ತಿತ್ತು, ಎತ್ತು ಎಲ್ಲಿ ದಾಟಿಸುತ್ತಿದ್ದರು, ಎಲ್ಲವೂ ಅವರ ತಲೆಯಲ್ಲಿತ್ತು. ಸರ್ವೆ ದಿನ ವಯಸ್ಸಾದ ಒಬ್ಬ ಕಾಕಾ ಕೋಲು ಹಿಡಿದು ಮುಂದೆ ನಡೆದರು, ಹಿಂದೆ ಸರ್ವೆಯರ್ ಅಳತೆ ಮಾಡುತ್ತಾ ಬಂದರು. ಕಾಕಾ ನಿಂತು ಇಲ್ಲೇ ದಂಡೆ ಇತ್ತು ಅಂದ ಜಾಗಕ್ಕೂ ಹಳೆಯ ನಕಾಶೆಯ ಗೆರೆಗೂ ಹೆಚ್ಚುಕಡಿಮೆ ತಾಳೆ ಬಿತ್ತು. ಅಲ್ಲಿಗೆ ಅರ್ಧ ವಾದ ಮುಗಿಯಿತು. ಅಲ್ಲಿಯವರೆಗೂ ಎದುರು ಪಕ್ಷದವರು ಅದು ಹಳ್ಳವೇ ಅಲ್ಲ, ಸುಮ್ನೆ ಮಳೆನೀರಿನ ಗಟಾರ ಅಂತ ಹೇಳುತ್ತಿದ್ದರು.

ನಕಾಶೆ ಅಂದ ಮೇಲೆ ನಮ್ಮ ಓಣಿಯ ಅಕ್ಕಂದಿರನ್ನು ನೆನೆಯಲೇಬೇಕು. ಮಗ್ಗದ ಕೆಲಸ ಮುಗಿಸಿ, ಮನೆಯ ಅಡುಗೆಯನ್ನೂ ಮುಗಿಸಿ, ರಾತ್ರಿ ಕೂತು ಅರ್ಜಿ ಬರೆದವರು ಅವರು. ಗ್ರಾಮ ನಕಾಶೆ, ಟಿಪ್ಪಣಿ, ಪಹಣಿ, ಕೊಟ್ಟ ಹಿಂಬರಹ, ಕೊಡದೇ ಬಿಟ್ಟ ಹಿಂಬರಹದ ನೆನಪೋಲೆ, ಎಲ್ಲವನ್ನೂ ದಿನಾಂಕದ ಪ್ರಕಾರ ಫೈಲ್ ಮಾಡಿಟ್ಟರು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಕೇಳಿದ್ದೂ ಅವರೇ. ಆ ಕಾಗದಗಳಿಂದಲೇ ತಿಳಿಯಿತು, ಹಳ್ಳದ ಜಾಗ ಬಿ ಖರಾಬು, ಅಂದರೆ ಸಾರ್ವಜನಿಕರಿಗಾಗಿ ಬಿಟ್ಟಿದ್ದು, ಮಾರುವುದಕ್ಕೆ ಬರುವುದೇ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನಲ್ಲಿ ನದಿ, ಹಳ್ಳ, ಕೆರೆ ಎಲ್ಲ ಸರ್ಕಾರದ ಸ್ವತ್ತು ಅಂತ ಸ್ಪಷ್ಟವಾಗಿದೆ. ಈ ಒಂದು ಕಲಮನ್ನು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಹಾಲಿನ ಡೇರಿ, ಗುಡಿ, ಕಿರಾಣಿ ಅಂಗಡಿ ಮುಂದೆ ಅಂಟಿಸಿದ ಹುಡುಗರಿಗೂ ಥ್ಯಾಂಕ್ಸ್. ಅದರಿಂದ ಬಹಳ ಜನ ಧೈರ್ಯವಾಗಿ ಮಾತಾಡಲು ಶುರು ಮಾಡಿದರು.

ಗಲೀಜಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇನ್ನೂ ಕೆಲವರು ಚರಂಡಿ ನೀರು ಬಂದರೆ ಹೊಲಕ್ಕೆ ಗೊಬ್ಬರ ಆಯಿತಲ್ಲ ಅಂತ ತಿಳಿದಿದ್ದಾರೆ. ಆ ನೀರಿನಲ್ಲಿ ಸಾರಜನಕ ಜಾಸ್ತಿ. ಭತ್ತ ಹಸಿರು ಹಸಿರಾಗಿ ಎತ್ತರಕ್ಕೆ ಬೆಳೆಯುತ್ತದೆ, ನೋಡೋಕೆ ಚೆಂದ, ಆದರೆ ದಂಟಿಗೆ ಬಲ ಇರುವುದಿಲ್ಲ. ಗಾಳಿ ಬೀಸಿದರೆ ಮಲಗುತ್ತದೆ, ಬೆಂಕಿ ರೋಗ ಬೇಗ ಹತ್ತುತ್ತದೆ, ತೆನೆ ಜಳ್ಳಾಗುತ್ತದೆ. ಬೆಳಗಾವಿ ಬಾಸುಮತಿ ಅಂತ ಹೆಸರು ಮಾಡಿದ ಹೊಲಗಳ ಸೀಮೆ ಇದು! ಹಳ್ಳದಲ್ಲಿ ಅಂತರಗಂಗೆ ಕಳೆ ದಪ್ಪಗೆ ಹಬ್ಬುವುದೂ ಇದೇ ಗಲೀಜನ್ನು ತಿಂದು. ಕಳೆ ಹಬ್ಬಿದರೆ ನೀರು ಹರಿಯುವುದಿಲ್ಲ, ಮಳೆ ಬಂದಾಗ ಹಿಂದಕ್ಕೆ ಒತ್ತಿ ಹೊಲಕ್ಕೆ ನುಗ್ಗುತ್ತದೆ. 2019ರ ಆಗಸ್ಟಿನ ನೆರೆಯನ್ನು ಈ ಕಡೆ ಯಾರೂ ಮರೆತಿಲ್ಲ. ಆ ಗಲೀಜು ನೀರಿನಲ್ಲಿ ಮೊಣಕಾಲವರೆಗೆ ನಿಂತು ಸಸಿ ಹಚ್ಚುವ ಹೆಣ್ಣುಮಕ್ಕಳ ಕಾಲು ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ತುರಿಕೆ, ಹುಣ್ಣು, ಮೇಲೆ ಔಷಧದ ಖರ್ಚು. ತಮ್ಮ ಕಾಲು ತೋರಿಸಿ ಸಭೆಯಲ್ಲಿ ಎಲ್ಲರೆದುರು ಮಾತಾಡಿದ ಆ ತಾಯಂದಿರಿಗೆ ನನ್ನ ನಮಸ್ಕಾರ.

ರಾತ್ರಿ ಹೊತ್ತು ಸೆಪ್ಟಿಕ್ ಟ್ಯಾಂಕರ್‌ ಬಂದು ಹಳ್ಳಕ್ಕೆ ಸುರಿಯುತ್ತಿದ್ದದ್ದನ್ನು ನಿಲ್ಲಿಸಿದ್ದು ಓಣಿಯ ಹುಡುಗರು. ಪಾಳಿ ಹಾಕಿಕೊಂಡು ಕಾದರು, ಫೋಟೋ ತೆಗೆದು ದೂರು ಕೊಟ್ಟರು. ಒಂದು ಸಲವೂ ಚಾಲಕರ ಮೇಲೆ ಕೈ ಮಾಡಲಿಲ್ಲ. ಆ ಸಂಯಮಕ್ಕೆ ಅವರಿಗೆ ವಿಶೇಷ ಧನ್ಯವಾದ, ಚಾಲಕನೂ ಹೊಟ್ಟೆಪಾಡಿಗೆ ದುಡಿಯುವವನೇ ಅಲ್ವಾ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಮುಚ್ಚಿದ ಜಾಗದಲ್ಲಿ ಪ್ಲಾಟು ಅಂತ ನಂಬಿ ದುಡ್ಡು ಕೊಟ್ಟ ಕೆಲವು ಕುಟುಂಬಗಳಿದ್ದವು. ದೊಡ್ಡ ಕುಳಗಳಲ್ಲ, ಚೀಟಿ ಹಾಕಿ, ಬಂಗಾರ ಅಡ ಇಟ್ಟು ಕೊಂಡವರು. ಹಳ್ಳ ಉಳಿಸಿ ಅಂತ ನಾವು ಕೂಗುವಾಗ ಅದು ಅವರ ಮನೆಯ ಕನಸಿನ ಮೇಲೇ ಬೀಳುತ್ತಿತ್ತು. ಮೊದಮೊದಲು ಬಹಳ ಜಗಳ ಆಯಿತು, ಮಾತು ಬಿಟ್ಟವರೂ ಇದ್ದಾರೆ. ಆಮೇಲೆ ಅವರೇ ನಕಾಶೆ ನೋಡಿದರು, ಮಳೆಯಲ್ಲಿ ಬಂದು ಆ ಜಾಗದಲ್ಲಿ ನೀರು ನಿಂತದ್ದನ್ನೂ ನೋಡಿದರು, ಕೊನೆಗೆ ಸರ್ವೆಗೆ ಸಹಿ ಹಾಕಿದರು. ತಮಗೆ ನಷ್ಟ ಅಂತ ಗೊತ್ತಿದ್ದೂ ಹಾಕಿದ ಸಹಿ ಅದು. ನಮ್ಮಲ್ಲಿ ಯಾರೂ ಅಷ್ಟು ದೊಡ್ಡದನ್ನು ಕೊಟ್ಟಿಲ್ಲ. ಅಕ್ಕ, ಅಣ್ಣಾ, ನಿಮ್ಮ ದುಡ್ಡು ವಾಪಸ್ ಬರುವವರೆಗೆ ನಾವು ನಿಮ್ಮ ಜೊತೆ ಓಡಾಡುತ್ತೇವೆ. ಕಾಗದಪತ್ರ ತಯಾರು ಮಾಡುವ ಕೆಲಸ ಆಗಲೇ ಶುರುವಾಗಿದೆ, ದುಡ್ಡು ತಗೊಳ್ಳದೆ ನೋಡಿಕೊಡುತ್ತಿರುವ ವಕೀಲರಿಗೂ ಋಣಿ.

ಕಚೇರಿಗಳಲ್ಲಿ ನಮ್ಮನ್ನು ಅಲೆಸಿದವರಿದ್ದಾರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಫೈಲು ಯಾವ ಟೇಬಲಿನಲ್ಲಿದೆ ಅಂತ ತಾವಾಗೇ ಫೋನು ಮಾಡಿ ತಿಳಿಸಿದ ಗುಮಾಸ್ತರು, ಬಿಸಿಲಿನಲ್ಲಿ ಊಟ ಬಿಟ್ಟು ಕಲ್ಲು ನೆಡಿಸಿದ ಸರ್ವೆಯರ್, ಪೊಲೀಸ್ ಬಂದೋಬಸ್ತಿಗೆ ಬಂದು ಎರಡೂ ಕಡೆಯವರನ್ನು ಸಮಾಧಾನ ಮಾಡಿದ ಅಧಿಕಾರಿ, ಇವರಿಲ್ಲದೆ ಕೆಲಸ ಆಗುತ್ತಿರಲಿಲ್ಲ. ರೊಟ್ಟಿ, ಝುಣಕ, ಮಜ್ಜಿಗೆ ಹೊತ್ತು ಹಳ್ಳದ ದಂಡೆಗೆ ಬಂದ ವೈನಿಯವರೇ, ನಿಮ್ಮ ಊಟ ಇಲ್ಲದಿದ್ದರೆ ಅರ್ಧ ಜನ ಮಧ್ಯಾಹ್ನವೇ ಮನೆಗೆ ಹೋಗಿಬಿಡುತ್ತಿದ್ದರು.

ಕೆಲಸ ಇನ್ನೂ ಬಾಕಿ ಇದೆ. ಮೇಲಿನ ಬಡಾವಣೆಯ ಒಂದು ಚರಂಡಿ ಈಗಲೂ ಹಳ್ಳಕ್ಕೇ ಬೀಳುತ್ತಿದೆ. ಅದನ್ನು ಒಳಚರಂಡಿ ಪೈಪಿಗೆ ಸೇರಿಸುವ ಅರ್ಜಿ ಕೊಟ್ಟಿದ್ದೇವೆ. ಇನ್ನು ಹಳ್ಳಕ್ಕೆ ಎರಡೂ ಕಡೆ, ತಳಕ್ಕೂ ಕಾಂಕ್ರೀಟ್ ಹಾಕಿಸೋಣ ಅಂತ ಕೆಲವರು ಹೇಳುತ್ತಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಕಾಂಕ್ರೀಟಿನಲ್ಲಿ ನೀರು ನೆಲಕ್ಕೆ ಇಳಿಯುವುದಿಲ್ಲ, ಸುತ್ತಲಿನ ಬಾವಿಗಳಿಗೆ ಒರತೆ ಸಿಗುವುದಿಲ್ಲ, ಮಳೆನೀರು ಜೋರಾಗಿ ಓಡಿ ನಮ್ಮ ಕೆಳಗಿನ ರೈತರ ಹೊಲಕ್ಕೆ ನುಗ್ಗುತ್ತದೆ. ನಮ್ಮ ಕಷ್ಟ ಅವರ ತಲೆಗೆ ಕಟ್ಟಿದ ಹಾಗೆ ಆಗುತ್ತದೆ. ಅದರ ಬದಲು ದಂಡೆಗೆ ಲಾವಂಚ ಹಚ್ಚೋಣ, ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಸ್ವಲ್ಪ ಮೇಲೆ ಹೊಂಗೆ, ಹೊಳೆಮತ್ತಿ ಇಡೋಣ.

ಪಂಚಮಿ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಲಾವಂಚ ಹಚ್ಚುವ ಕೆಲಸ ಇಟ್ಟುಕೊಂಡಿದ್ದೇವೆ. ಖರ್ಚಿನ ಲೆಕ್ಕವನ್ನೂ ಅವತ್ತೇ ಎಲ್ಲರ ಮುಂದೆ ಓದುತ್ತೇವೆ. ಬರುವವರು ಸಲಿಕೆ, ಬುಟ್ಟಿ ತನ್ನಿ, ಕಾಲಿಗೆ ಗಮ್ ಬೂಟು ಇದ್ದರೆ ಹಾಕಿಕೊಂಡೇ ಬನ್ನಿ.