ಕಲ್ಲು ಒಂದೇ ಅಳತೆ, ಸುತ್ತು ಮಾತ್ರ ದೊಡ್ಡದಾಗುತ್ತದೆ

ಮಾನ್ಯ ಸಂಪಾದಕರೇ,

ಮಳೆ ನಿಂತಿತು. ಇನ್ನು ಮಾರ್ಚ್ ಒಳಗೆ ನಮ್ಮ ಕಡೆ ಊರೂರಲ್ಲಿ ಕಟ್ಟೆ, ಸರ್ಕಲ್, ದೇವಸ್ಥಾನದ ಅಂಗಳಕ್ಕೆ ಕಲ್ಲು ಹಾಸುವ ಕೆಲಸ ಶುರುವಾಗುತ್ತದೆ. ಅದಕ್ಕೂ ಮೊದಲು ಒಂದು ಮಾತು ಹೇಳಬೇಕು ಅನಿಸಿತು. ನಾನು ಶಿರಸಿಯಲ್ಲಿ 20 ವರ್ಷದಿಂದ ಆಟೊಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಮನೆ, ಅಂಗಳದ ಡ್ರಾಯಿಂಗ್ ಮಾಡುತ್ತಿರುವವಳು.

ಹೋದ ವರ್ಷ ನಮ್ಮೂರಿನ ಅಶ್ವತ್ಥಕಟ್ಟೆಯ ಸುತ್ತ ಕಲ್ಲು ಹಾಸಿದರು. 10 ಸೆಂ.ಮೀ. ಚೌಕದ ಗ್ರಾನೈಟ್ ತುಂಡು, ಒಟ್ಟು 20 ಸುತ್ತು. ಡ್ರಾಯಿಂಗ್ ಬೇರೆ ಕಡೆ ಮಾಡಿಸಿದ್ದು. ಕಾಗದದ ಮೇಲೆ ಚಂದವೇ ಇತ್ತು. ನಡುವಿನಿಂದ ಸೂರ್ಯನ ಕಿರಣದ ಹಾಗೆ ನೇರ ಗೆರೆಗಳು, ಅವನ್ನು ಕತ್ತರಿಸುತ್ತಾ ಹೋಗುವ ವೃತ್ತಗಳು. ಕೆಲಸದ ಎರಡನೇ ದಿನ ಮೇಸ್ತ್ರಿ ಆ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಅಕ್ಕಾ, ಇದರಲ್ಲಿ ಹೊರಗೆ ಹೋದ ಹಾಗೆ ಕಲ್ಲು ದೊಡ್ಡದಾಗ್ತಾ ಹೋಗ್ತದೆ. ಲಾರಿಯಲ್ಲಿ ಬಂದದ್ದು ಎಲ್ಲಾ ಒಂದೇ ಅಳತೆ. ನಾನು ಎಂತ ಮಾಡ್ಲಿ?"

ಅವರು ಹೇಳಿದ್ದು ಸರಿ. ಆಫ್‌ಸೆಟ್‌ನಿಂದ (ಗೆರೆಯ ಪ್ರತಿಯನ್ನು ಒಂದೇ ಅಂತರದಲ್ಲಿ ಹಾಕುವ ಕಮಾಂಡ್) ವೃತ್ತ ಹಾಕಿ, ಒಂದು ಗೆರೆಯನ್ನು ಪೋಲಾರ್ ಅರೇಯಲ್ಲಿ (ನಡುವಿನ ಸುತ್ತ ಪ್ರತಿಗಳನ್ನು ಸಮವಾಗಿ ಇಡುವ ಕಮಾಂಡ್) 92 ಸಲ ತಿರುಗಿಸಿದ್ದರು. ಎರಡು ಕಮಾಂಡ್, ಐದು ನಿಮಿಷದ ಕೆಲಸ. ಕಟ್ಟೆಗೆ ತಾಗಿದ ಮೊದಲ ಸುತ್ತಿಗೆ 92 ಸರಿಯಾದ ಲೆಕ್ಕವೇ. ಆದರೆ 20ನೇ ಸುತ್ತಿಗೂ 92 ಅಂದರೆ ಅಲ್ಲಿ ಒಂದೊಂದು ಕಲ್ಲು 24 ಸೆಂ.ಮೀ. ಅಗಲ ಇರಬೇಕಾಗುತ್ತದೆ! ಆರ್ಡರ್ ಕೊಟ್ಟದ್ದೂ ಅದೇ ಹಾಳೆ ನೋಡಿ. 92 ಗುಣಿಸು 20, ಅಂದರೆ 1840 ಕಲ್ಲು. ನಿಜಕ್ಕೂ ಬೇಕಾದದ್ದು 3000ಕ್ಕಿಂತ ಜಾಸ್ತಿ.

ಎರಡನೇ ಲೋಡಿನಲ್ಲಿ 800 ಬಂತು, ಬಣ್ಣವೂ ಬೇರೆ. ಅಲ್ಲಿಗೆ ದುಡ್ಡು ಮುಗಿಯಿತು. ಹೊರಗಿನ 8 ಸುತ್ತಿನಲ್ಲಿ ಸಂದಿ ಮೂರು ನಾಲ್ಕು ಸೆಂ.ಮೀ. ಬಿಟ್ಟು ಸಿಮೆಂಟ್ ತುಂಬಿದರು. ಜುಲೈ ಮಳೆಗೆ ಆ ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಎದ್ದಿತು, ಕಲ್ಲು ಅಲುಗಾಡತೊಡಗಿತು. ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವ ಜಾಗ ಅದು. ನಮ್ಮ ಪಕ್ಕದ ಮನೆಯ ಅಜ್ಜಿ ಅಲ್ಲೇ ಎಡವಿ ಮೊಣಕಾಲು ಒಡೆದುಕೊಂಡರು. ಮೇಸ್ತ್ರಿಯನ್ನು ಎಲ್ಲರೂ ಬೈದರು. ತಪ್ಪು ಅವರದ್ದಲ್ಲ ಎಂದು ನಾನು ಹೇಳಿದೆ, ಈಗಲೂ ಹೇಳುತ್ತೇನೆ.

ಸರಿಯಾಗಿ ಮಾಡುವುದಕ್ಕೆ ಅರ್ಧ ಗಂಟೆ ಸಾಕು. ಕಲ್ಲು 10, ಸಂದಿ ಅರ್ಧ, ಒಟ್ಟು 10.5 ಸೆಂ.ಮೀ. ಪ್ರತಿ ಸುತ್ತಿನ ನಡುಗೆರೆಯ ತ್ರಿಜ್ಯವನ್ನು 6.283ರಿಂದ (ಪೈಯ ಎರಡು ಪಟ್ಟು) ಗುಣಿಸಿ, 10.5ರಿಂದ ಭಾಗಿಸಿ, ಚಿಲ್ಲರೆ ಬಿಡಬೇಕು. ಕಟ್ಟೆಯ ತ್ರಿಜ್ಯ ಒಂದೂವರೆ ಮೀಟರ್, ಹಾಗಾಗಿ ಮೊದಲ ಸುತ್ತಿನ ನಡುಗೆರೆ 155 ಸೆಂ.ಮೀ. ಅಲ್ಲಿಂದ 92, 99, 105, 111, 117, 124 ಹೀಗೆ ಹೋಗುತ್ತದೆ. ಪ್ರತಿ ಸುತ್ತಿಗೆ 6 ಕಲ್ಲು ಜಾಸ್ತಿ, ಆಗೊಮ್ಮೆ ಈಗೊಮ್ಮೆ 7. ನನಗೆ ಇವತ್ತಿಗೂ ಸೋಜಿಗ ಅಂದರೆ, ಕಟ್ಟೆ ಸಣ್ಣದಿರಲಿ, ಸರ್ಕಲ್ ದೊಡ್ಡದಿರಲಿ, ಕಲ್ಲು ಚೌಕವಾಗಿದ್ದು ಸಂದಿ ಎಲ್ಲಾ ಕಡೆ ಒಂದೇ ಇದ್ದರೆ ಈ ಆರು ಬದಲಾಗುವುದಿಲ್ಲ. 20ಕ್ಕೆ 10ರ ಸಿಮೆಂಟ್ ಬ್ಲಾಕನ್ನು ಉದ್ದದ ಬದಿ ಸುತ್ತಿನ ಗುಂಟ ಬರುವ ಹಾಗೆ ಹಾಸಿದರೆ ಅದು 3 ಆಗುತ್ತದೆ, ಅಷ್ಟೇ.

ಇನ್ನು ಡ್ರಾಯಿಂಗ್. ಒಂದು ಕಲ್ಲು ಬರೆದು ಬ್ಲಾಕ್ (ಗೆರೆಗಳನ್ನು ಸೇರಿಸಿ ಒಂದೇ ವಸ್ತುವಾಗಿಸಿದ್ದು) ಮಾಡಿ. ಪೋಲಾರ್ ಅರೇಯಲ್ಲಿ ಮೊದಲ ಸುತ್ತು ಹಾಕಿ. ಆ ಅರೇಯನ್ನೇ ಅದೇ ಜಾಗದಲ್ಲಿ ಕಾಪಿ ಮಾಡಿ, ತ್ರಿಜ್ಯ 10.5 ಹೆಚ್ಚಿಸಿ, ಸಂಖ್ಯೆ ಬದಲಿಸುತ್ತಾ ಹೋಗಿ. ಅರೇಯಲ್ಲಿ 'ರೋ' ಅಂತ ಇದೆಯಲ್ವಾ, ಅದನ್ನು ಮುಟ್ಟಬೇಡಿ. ಅದು ಹೊರಗಿನ ಸುತ್ತಿಗೂ ಒಳಗಿನಷ್ಟೇ ಕಲ್ಲು ಇಡುತ್ತದೆ. ಎಕ್ಸ್‌ಪ್ಲೋಡ್ ಮಾಡಲೂ (ಬಿಡಿ ಗೆರೆಗಳಾಗಿ ಒಡೆಯಲೂ) ಬೇಡಿ, 3000 ಕಲ್ಲಿನ ಬಿಡಿ ಗೆರೆಗಳಿಂದ ಫೈಲ್ ಸುಮ್ನೆ ಭಾರವಾಗುತ್ತದೆ. ಇನ್ನೊಂದು ವಿಷಯ. ಎಲ್ಲಾ ಸುತ್ತೂ ಒಂದೇ ಗೆರೆಯಿಂದ ಶುರುವಾದರೆ ಅಲ್ಲಿ ಸಂದಿಯ ಮುಂದೆ ಸಂದಿ ಬಂದು ಸೀಳಿದ ಹಾಗೆ ಕಾಣುತ್ತದೆ. ಒಂದು ಬಿಟ್ಟು ಒಂದು ಸುತ್ತನ್ನು ಅರ್ಧ ಕಲ್ಲಿನಷ್ಟು ತಿರುಗಿಸಿಬಿಡಿ. ಕಟ್ಟೆ ಇಲ್ಲದೆ ನಡುವಿನಿಂದಲೇ ಹಾಸುವುದಾದರೆ, ತೀರಾ ಒಳಗಿನ ಸುತ್ತಿಗೆ ಚೌಕ ಕಲ್ಲು ಕೂರುವುದಿಲ್ಲ. ಅಲ್ಲಿ ಒಂದು ದುಂಡು ಚಪ್ಪಡಿ ಇಡಬೇಕು.

ಆಮೇಲೆ ಒಂದು ತಾಳೆ ನೋಡಿ. ಹಾಸುವ ಜಾಗ ಸುಮಾರು 33.6 ಚದರ ಮೀಟರ್. ಒಂದು ಕಲ್ಲಿಗೆ ಸಂದಿ ಸೇರಿ ಬೇಕಾಗುವ ಜಾಗದಿಂದ ಭಾಗಿಸಿದರೆ 3050ರ ಹತ್ತಿರ ಬರುತ್ತದೆ. ಆರ್ಡರ್ ಕೊಡುವ ಮೊದಲು ಇಷ್ಟು ನೋಡಿದ್ದರೆ 1840 ತಪ್ಪು ಅಂತ ಆವತ್ತೇ ಗೊತ್ತಾಗುತ್ತಿತ್ತು.

ಕಾಮಗಾರಿ ಮಂಜೂರು ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು. ದುಂಡಗೆ ಕಲ್ಲು ಹಾಸುವ ಯಾವ ಡ್ರಾಯಿಂಗ್ ಬಂದರೂ, ಯಾವ ಸುತ್ತಿಗೆ ಎಷ್ಟು ಕಲ್ಲು ಎಂಬ ಪಟ್ಟಿ ಅದರಲ್ಲೇ ಇರಬೇಕು. ಇಲ್ಲದಿದ್ದರೆ ಸಹಿ ಹಾಕಬೇಡಿ. ಡಿಪ್ಲೊಮಾ ಮಕ್ಕಳಿಗೆ ಕ್ಯಾಡ್ ಹೇಳಿಕೊಡುವವರೂ ಒಂದು ದಿನ ಅವರನ್ನು ಕಲ್ಲು ಹಾಸುವ ಜಾಗಕ್ಕೆ ಕರೆದುಕೊಂಡು ಹೋಗಿ. ಕಂಪ್ಯೂಟರಿನಲ್ಲಿ ಕಲ್ಲನ್ನು ಹಿಗ್ಗಿಸಬಹುದು, ಲಾರಿಯಿಂದ ಇಳಿಸಿದ ಕಲ್ಲು ಹಿಗ್ಗುವುದಿಲ್ಲ.

ನಮ್ಮ ಕಟ್ಟೆಯ ಹೊರಗಿನ 8 ಸುತ್ತನ್ನು ಈ ವಾರ ಕಿತ್ತು ಮತ್ತೆ ಹಾಸುತ್ತಿದ್ದಾರೆ. 13ನೇ ಸುತ್ತಿನ 168ರಿಂದ 20ನೇ ಸುತ್ತಿನ 212ರವರೆಗೆ ಲೆಕ್ಕದ ಚೀಟಿಯನ್ನು ನಾನೇ ಬರೆದು ಅದೇ ಮೇಸ್ತ್ರಿಗೆ ಕೊಟ್ಟಿದ್ದೇನೆ.

ಒಬ್ಬ ಓದುಗಳು,
ಶಿರಸಿ