ಪಿಸ್ತೂಲಿನ ತೋಟೆಗೆ ಯಾವ ಮದ್ದು: ಒಂದು ತಿದ್ದುಪಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಹವ್ಯಾಸಗಳ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗುರಿ ಹೊಡೆಯುವ ಕ್ಲಬ್ಬುಗಳಿಗೆ ಹೋಗುವವರು ತಮ್ಮ ಪಿಸ್ತೂಲು, ರಿವಾಲ್ವರುಗಳ ತೋಟೆಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವ ಪದ್ಧತಿಯನ್ನು ಅದರಲ್ಲಿ ಪರಿಚಯಿಸಿದ್ದೀರಿ. ಆದರೆ ಅದೇ ಭಾಗದಲ್ಲಿ, ಎಲ್ಲ ಬಗೆಯ ಪಿಸ್ತೂಲುಗಳಿಗೂ ಒಂದೇ ಮದ್ದು ಸಾಕಾಗುತ್ತದೆಂದೂ, ಅತಿ ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುವ ಮದ್ದನ್ನೇ ಆರಿಸಿಕೊಳ್ಳುವುದು ಜಾಣತನವೆಂದೂ ಹೇಳಲಾಗಿದೆ. ಮೊದಲ ಮಾತು ಅರ್ಧ ನಿಜ. ಎರಡನೆಯದು ಹೊಸಬರನ್ನು ಅಪಾಯಕ್ಕೆ ತಳ್ಳುವಂಥದ್ದು. ವಿರಾಜಪೇಟೆ ತಾಲ್ಲೂಕಿನಲ್ಲಿ ಹುಟ್ಟಿ, ಈಗ ಇಪ್ಪತ್ತೆರಡು ವರ್ಷಗಳಿಂದ ಒಹಾಯೊ ರಾಜ್ಯದಲ್ಲಿ ಇರುವ ನಾನು, ಹದಿನಾರು ವರ್ಷಗಳಿಂದ ನನ್ನ ತೋಟೆಗಳನ್ನು ನಾನೇ ತುಂಬಿಕೊಳ್ಳುತ್ತ ಬಂದಿದ್ದೇನೆ. ಆ ಅನುಭವದ ಬಲದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಉಳಿತಾಯದ ಲೆಕ್ಕವನ್ನೇ ನೋಡೋಣ. ಇಲ್ಲಿ ಮದ್ದನ್ನು ಪೌಂಡಿನ ಡಬ್ಬಿಗಳಲ್ಲಿ ಮಾರುತ್ತಾರೆ, ತೋಟೆಗೆ ಹಾಕುವಾಗ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ತೋಟೆಗೆ 4 ಗ್ರೇನ್ ಬೇಡುವ ಮದ್ದಾದರೆ ಒಂದು ಡಬ್ಬಿಯಲ್ಲಿ 1,750 ತೋಟೆಗಳಾಗುತ್ತವೆ; 6 ಗ್ರೇನ್ ಬೇಡುವ ಮದ್ದಾದರೆ 1,166. ಕೇಳುವುದಕ್ಕೆ ಅಂತರ ದೊಡ್ಡದು. ಆದರೆ ಡಬ್ಬಿಯ ಬೆಲೆ 40 ಡಾಲರ್ ಎಂದು ಹಿಡಿದರೂ ತೋಟೆಯೊಂದಕ್ಕೆ ಬೀಳುವ ವ್ಯತ್ಯಾಸ ಒಂದು ಸೆಂಟಿಗಿಂತ ಸ್ವಲ್ಪ ಹೆಚ್ಚು, ನೂರು ತೋಟೆಗೆ ಸುಮಾರು ಒಂದು ಡಾಲರ್ ಹದಿನಾಲ್ಕು ಸೆಂಟ್. ಗುಂಡು ಮತ್ತು ಮದ್ದಿಗೆ ಕಿಡಿ ಹಚ್ಚುವ ಕೇಪಿನ ಖರ್ಚಿನ ಮುಂದೆ ಇದು ಗಣನೆಗೇ ಬಾರದ ಮೊತ್ತ. ಇಷ್ಟು ಸಣ್ಣ ಉಳಿತಾಯಕ್ಕಾಗಿ ನಾವು ಕೈಬಿಡುವುದು ಏನನ್ನು ಎಂಬುದನ್ನು ಲೇಖನ ಹೇಳಲಿಲ್ಲ.

ಅದನ್ನು ಅರಿಯಲು ಮದ್ದನ್ನು ತುಂಬುವ, ತೋಟೆಯ ಹಿತ್ತಾಳೆ ಕೋಶದ ಒಳಗಿನ ಜಾಗವನ್ನು ಗಮನಿಸಬೇಕು. ಇಲ್ಲಿ ಇಂದಿಗೂ ಬಹಳ ಮಂದಿ ಬಳಸುವ .38 ಸ್ಪೆಷಲ್ ತೋಟೆ ರೂಪುಗೊಂಡದ್ದು 1898ರ ಹೊತ್ತಿಗೆ, ಹೊಗೆ ಉಗುಳುವ ಕಪ್ಪು ಮದ್ದಿಗಾಗಿ. ಕಪ್ಪು ಮದ್ದು ಜಾಗ ಬೇಡುತ್ತದೆ. ಹಾಗಾಗಿ ಕೋಶವನ್ನು ಉದ್ದವಾಗಿಯೇ ಮಾಡಿದರು. ಪಾಲ್ ವಿಯೆಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿ ಆಗಲೇ ಹದಿನಾಲ್ಕು ವರ್ಷ ಕಳೆದಿತ್ತು, ಮತ್ತು ಅಮೆರಿಕದ ರಿವಾಲ್ವರುಗಳೂ ಬೇಗನೆ ಅದಕ್ಕೆ ಹೊರಳಿದವು. ಹೊಸ ಮದ್ದಿನ ಶಕ್ತಿ ಎಷ್ಟೆಂದರೆ, ಅದೇ ಕೋಶದಲ್ಲಿ ತಳಕ್ಕೆ ಒಂದಿಷ್ಟು ಹಾಕಿದರೆ ಸಾಕು. ಒತ್ತೊತ್ತಾಗಿ ಕೂರುವ, ಬೇಗ ಉರಿಯುವ ಇಂದಿನ ಕೆಲವು ಮದ್ದುಗಳ ಸರಿಯಾದ ಅಳತೆ .38ರ ಕೋಶದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಮಾತ್ರ ತುಂಬುತ್ತದೆ. ಕೈತಪ್ಪಿ ಅದೇ ಕೋಶಕ್ಕೆ ಎರಡು ಸಲ ಮದ್ದು ಬಿದ್ದರೂ ಅರ್ಧವೂ ತುಂಬಿರುವುದಿಲ್ಲ. ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಆ ತೋಟೆಗೂ ಪಕ್ಕದ ತೋಟೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕದ ತೋಟೆಗಳ ಅಳತೆ, ಒತ್ತಡಗಳನ್ನು ನಿಗದಿ ಮಾಡುವ ಸ್ಯಾಮಿ ಸಂಸ್ಥೆ .38 ಸ್ಪೆಷಲ್‌ಗೆ ಗೊತ್ತುಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡ್. ಮದ್ದು ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟಿಗೆ ನಿಲ್ಲುವುದಿಲ್ಲ, ಅದನ್ನೂ ಮೀರಿ ಏರುತ್ತದೆ. ರಿವಾಲ್ವರಿನ ಗುಂಡಿನ ಚಕ್ರ ಸೀಳಿ, ಮೇಲಿನ ಪಟ್ಟಿ ಬಾಗಿ ಎದ್ದ ಚಿತ್ರಗಳನ್ನು ತೋಟೆ ತುಂಬುವವರೆಲ್ಲ ನೋಡಿರುತ್ತಾರೆ.

ನಾನು ಈ ಮಾತನ್ನು ದೂರದಿಂದ ಹೇಳುತ್ತಿಲ್ಲ. ತೋಟೆ ತುಂಬಲು ಕಲಿತ ಎರಡನೆಯ ವರ್ಷ, ಕಡಿಮೆ ಬೇಡುವ ಮದ್ದೇ ಲಾಭವೆಂದು ನಂಬಿ, ಅಂಥದೊಂದು ಡಬ್ಬಿ ತಂದು ಒಂದೇ ಸಂಜೆ ಮುನ್ನೂರು .38 ತೋಟೆಗಳನ್ನು ತುಂಬಲು ಕುಳಿತಿದ್ದೆ. ನಡುವೆ ಊರಿನಿಂದ ಅಮ್ಮನ ಫೋನ್ ಬಂತು. ಮಾತು ಮುಗಿಸಿ ಹಿಂದಿರುಗಿ, ನಿಲ್ಲಿಸಿದ್ದಲ್ಲಿಂದಲೇ ತೋಟೆ ತುಂಬುವ ಯಂತ್ರದ ಸನ್ನೆಗೋಲನ್ನು ಒತ್ತಿ ಕೆಲಸ ಮುಂದುವರಿಸಿದೆ. ಮಲಗುವ ಹೊತ್ತಿಗೆ, ಫೋನು ಬಂದಾಗ ಅಚ್ಚಿನ ಕೆಳಗಿದ್ದ ಕೋಶಕ್ಕೆ ಮದ್ದು ಆಗಲೇ ಬಿದ್ದಿತ್ತೇ ಎಂಬ ಪ್ರಶ್ನೆ ಹುಟ್ಟಿತು. ಉತ್ತರ ನನ್ನಲ್ಲಿರಲಿಲ್ಲ. ಮರುದಿನ ಪ್ರತಿಯೊಂದು ತೋಟೆಯನ್ನೂ ತೂಗಿ ನೋಡಿದೆ. ಅದರಿಂದ ಏನೂ ತಿಳಿಯಲಿಲ್ಲ. ಹಲವು ಸಲ ಬಳಸಿದ ಬೇರೆ ಬೇರೆ ಕಂಪನಿಗಳ ಹಿತ್ತಾಳೆ ಕೋಶಗಳು ಮತ್ತು ಅಚ್ಚಿಗೆ ಹೊಯ್ದ ಸೀಸದ ಗುಂಡುಗಳು ತೂಕದಲ್ಲಿ ತಮ್ಮತಮ್ಮಲ್ಲೇ ಕೆಲವು ಗ್ರೇನ್ ಹೆಚ್ಚುಕಡಿಮೆ ಇರುತ್ತವೆ, ಮೂರೂವರೆ ನಾಲ್ಕು ಗ್ರೇನಿನ ತಪ್ಪು ಅದರೊಳಗೆ ಅಡಗಿಹೋಗುತ್ತದೆ. ಕೊನೆಗೆ ಸುತ್ತಿಗೆಯಾಕಾರದ ಉಪಕರಣದೊಳಗೆ ತೋಟೆಗಳನ್ನು ಒಂದೊಂದಾಗಿ ಸಿಕ್ಕಿಸಿ, ನೆಲಕ್ಕೆ ಕುಟ್ಟಿ, ಗುಂಡು ಬೇರೆ ಮದ್ದು ಬೇರೆ ಮಾಡುತ್ತ ಹೋದೆ. ಎರಡು ಸಂಜೆ ಬೇಕಾಯಿತು. ಇನ್ನೂರರ ಆಸುಪಾಸಿನಲ್ಲಿ ಸಿಕ್ಕ ಒಂದು ತೋಟೆಯಿಂದ ಸುರಿದ ಮದ್ದು ತಕ್ಕಡಿಯಲ್ಲಿ ಸರಿಯಾಗಿ ಎರಡು ಪಟ್ಟು ತೂಗಿತು. ಆ ವಾರ ನನ್ನ ಹದಿಮೂರು ವರ್ಷದ ಮಗಳನ್ನು ಮೊದಲ ಬಾರಿಗೆ ಗುರಿ ಅಭ್ಯಾಸಕ್ಕೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದೆ.

ಆದ್ದರಿಂದ ಎಲ್ಲಕ್ಕೂ ಒಗ್ಗುವ ಮದ್ದು ಯಾವುದೆಂದು ಯಾರಾದರೂ ಕೇಳಿದರೆ, ತಪ್ಪು ನಡೆದಾಗ ಕಣ್ಣಿಗೆ ಕಾಣುವಷ್ಟು ಜಾಗ ತುಂಬುವ ಮದ್ದು ಯಾವುದೆಂದು ಮೊದಲು ನೋಡಿ ಎಂದು ಹೇಳುತ್ತೇನೆ. ಈ ದೃಷ್ಟಿಯಿಂದ ನನ್ನ ಆಯ್ಕೆ ಯುನೀಕ್ ಎಂಬ ಹಳೆಯ ಮದ್ದು. ಲಾಫ್ಲಿನ್ ಅಂಡ್ ರ್‍ಯಾಂಡ್ ಕಂಪನಿಯ ಕಾಲದಲ್ಲಿ, ಅಂದರೆ ನೂರು ವರ್ಷಗಳಿಗೂ ಹಿಂದೆ ಹುಟ್ಟಿದ ಇದು, ಡುಪಾಂಟ್, ಹರ್ಕ್ಯುಲಿಸ್ ಕಂಪನಿಗಳ ಕೈದಾಟಿ ಈಗ ಅಲಯಂಟ್ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಅವಲಕ್ಕಿಯ ಪುಡಿಯಂತೆ ಚಪ್ಪಟೆ ಚೂರುಗಳಾಗಿರುವುದರಿಂದ ತೂಕಕ್ಕೆ ಹೋಲಿಸಿದರೆ ಹೆಚ್ಚು ಜಾಗ ಹಿಡಿಯುತ್ತದೆ. 9 ಎಂಎಂ ತೋಟೆಯ ಚಿಕ್ಕ ಕೋಶಕ್ಕೆ ಸಾಮಾನ್ಯ ಅಳತೆಯ ಯುನೀಕ್ ಎರಡು ಸಲ ಬಿದ್ದರೆ ಬಾಯಿಂದ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ. .38ರ ಉದ್ದ ಕೋಶದಲ್ಲಿ ಉಕ್ಕುವುದಿಲ್ಲ, ನಿಜ. ಆದರೆ ಮಟ್ಟ ಎಷ್ಟು ಮೇಲೆ ಬಂದಿರುತ್ತದೆಂದರೆ, ಐವತ್ತು ಕೋಶಗಳನ್ನು ಹಲಗೆಯಲ್ಲಿ ನಿಲ್ಲಿಸಿ ಮೇಲಿನಿಂದ ಟಾರ್ಚು ಬಿಟ್ಟರೆ ಅದೊಂದೇ ಬೇರೆಯಾಗಿ ಎದ್ದು ಕಾಣುತ್ತದೆ. ಜೊತೆಗೆ .32ರಿಂದ ಹಿಡಿದು 9 ಎಂಎಂ, .38, .45 ಎಸಿಪಿವರೆಗೆ, ಅಷ್ಟೇಕೆ ಚರೆ ತೋಟೆಗಳಿಗೂ, ಇದರ ಪರೀಕ್ಷಿತ ಅಳತೆಗಳು ಕೈಪಿಡಿಗಳಲ್ಲಿ ದೊರೆಯುತ್ತವೆ. ಒಂದೇ ಡಬ್ಬಿ ಹಲವು ಕೆಲಸಕ್ಕೆ ಆಗಬೇಕೆನ್ನುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಯುನೀಕ್‌ಗೆ ದೋಷಗಳಿಲ್ಲವೆಂದಲ್ಲ. ಚಪ್ಪಟೆ ಚೂರುಗಳು ಅಳತೆಯ ಯಂತ್ರದಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಸರಾಗವಾಗಿ ಇಳಿಯುವುದಿಲ್ಲ; ಸಣ್ಣ ಅಳತೆಗಳಲ್ಲಿ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬೀಳುತ್ತದೆ. ಒತ್ತಡ ಕಡಿಮೆ ಇರುವ ಮೆದು ತೋಟೆಗಳಲ್ಲಿ ಮಸಿಯನ್ನೂ ಬಿಡುತ್ತದೆ. ಯಂತ್ರದಲ್ಲಿ ಬೇಗ ಬೇಗ ತುಂಬುವವರು ಎಚ್‌ಪಿ-38 ಎಂಬ ಸಣ್ಣ ಗುಂಡುಕಾಳಿನಂಥ ಮದ್ದನ್ನು ಇಷ್ಟಪಡುತ್ತಾರೆ, ಅದು ನೀರಿನಂತೆ ಇಳಿಯುತ್ತದೆ. ಅದೇ ಮದ್ದನ್ನು ವಿಂಚೆಸ್ಟರ್ 231 ಎಂಬ ಹೆಸರಿನಲ್ಲಿಯೂ ಮಾರುತ್ತಾರೆ. ಎರಡೂ ಒಂದೇ ಎಂಬುದನ್ನು ಮಾರುವ ಕಂಪನಿಯೇ ಒಪ್ಪಿಕೊಂಡಿದೆ. 2020ರಿಂದ 2022ರವರೆಗೆ ಮದ್ದೂ ಕೇಪೂ ಅಂಗಡಿಗಳಲ್ಲಿ ಸಿಗದೆ ಹೋದಾಗ ಈ ಒಂದು ತಿಳಿವಳಿಕೆಯೇ ಅನೇಕರಿಗೆ ಉಪಯೋಗಕ್ಕೆ ಬಂತು. ಆದರೆ ಇದನ್ನೇ ನಿಯಮವೆಂದು ಭಾವಿಸಿ ಹೆಸರು ಹತ್ತಿರವಿರುವ ಮದ್ದುಗಳೆಲ್ಲ ಒಂದೇ ಎಂದು ತಿಳಿಯಬಾರದು. 700-ಎಕ್ಸ್ ಮತ್ತು 800-ಎಕ್ಸ್ ಎಂಬ ಹೆಸರುಗಳು ಅಣ್ಣತಮ್ಮಂದಿರಂತೆ ಕೇಳಿಸುತ್ತವೆ. ಮೊದಲನೆಯದು ಬಹಳ ಬೇಗ ಉರಿಯುತ್ತದೆ, ಎರಡನೆಯದು ನಿಧಾನ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ಒಂದೇ ಮದ್ದು ಎಲ್ಲಕ್ಕೂ ಸಾಕು ಎಂಬ ಮಾತು ಅರ್ಧ ನಿಜವೆಂದದ್ದು ಹೆಚ್ಚು ಶಕ್ತಿಯ ಮ್ಯಾಗ್ನಮ್ ತೋಟೆಗಳ ಕಾರಣದಿಂದ. .357 ಮ್ಯಾಗ್ನಮ್‌ಗೆ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್, .44 ಮ್ಯಾಗ್ನಮ್‌ಗೆ 36,000. ಇವುಗಳ ಪೂರ್ಣ ವೇಗ ಬೇಕೆಂದರೆ ನಿಧಾನವಾಗಿ ಉರಿಯುವ 2400 ಅಥವಾ ಎಚ್110ರಂಥ ಮದ್ದು ಬೇಕು. ಯುನೀಕ್ ಹಾಕಿ ಮಧ್ಯಮ ವೇಗದ ತೋಟೆಯನ್ನು ಮಾಡಬಹುದು, ಅದಕ್ಕೆ ಮೇಲೆ ಹೋಗಲಾಗದು. ಇನ್ನು ಎಚ್110ರ ಸ್ವಭಾವ ಇನ್ನೊಂದು ಬಗೆಯದು: ಜಾಗರೂಕತೆಯೆಂದು ತಿಳಿದು ಅದನ್ನು ಕಡಿಮೆ ಹಾಕುವುದೇ ತಪ್ಪು. ಕೈಪಿಡಿ ಹೇಳಿದ್ದಕ್ಕಿಂತ ಬಹಳ ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು, ಮತ್ತು ಅದನ್ನು ಗಮನಿಸದೆ ಹೊಡೆದ ಮುಂದಿನ ಗುಂಡು ನಳಿಗೆಯನ್ನು ಉಬ್ಬಿಸುತ್ತದೆ ಇಲ್ಲವೇ ಸೀಳುತ್ತದೆ. ಹೀಗಾಗಿ ಕಡಿಮೆ ಎಂದರೆ ಕ್ಷೇಮ ಎಂಬ ಸೂತ್ರ ಇಲ್ಲಿ ಎಲ್ಲೆಡೆ ನಡೆಯುವುದಿಲ್ಲ. ಯಾವ ಮದ್ದಿಗೆ ಎಷ್ಟು ಎಂಬುದನ್ನು ಮದ್ದು ತಯಾರಿಸಿದವರ ಇತ್ತೀಚಿನ ಕೈಪಿಡಿಯಿಂದಷ್ಟೇ ತೆಗೆದುಕೊಳ್ಳಬೇಕು. ಆ ಕಾರಣಕ್ಕಾಗಿಯೇ ಈ ಪತ್ರದಲ್ಲಿ ಯಾವ ಮದ್ದಿನ ಅಳತೆಯನ್ನೂ ನಾನು ಬರೆದಿಲ್ಲ.

ಕೊಡಗು ಮತ್ತು ಮಲೆನಾಡಿನ ಓದುಗರನ್ನು ನೆನೆದು ಇನ್ನೊಂದು ವಿಷಯವನ್ನು ಹೇಳಲೇಬೇಕಾಗಿದೆ. ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿ, ಇತ್ತು. ಕೈಲ್‌ಪೋಳ್ದ್ ಹಬ್ಬದ ದಿನ ಉಳಿದ ಆಯುಧಗಳ ಜೊತೆಗೆ ಅದಕ್ಕೂ ಹೂವಿಟ್ಟು ಪೂಜೆ ನಡೆಯುತ್ತಿತ್ತು. ಅದಕ್ಕೆ ಹಾಕುತ್ತಿದ್ದ ಕಪ್ಪು ಮದ್ದನ್ನು ಅಜ್ಜ ಒಂದು ಹಿತ್ತಾಳೆಯ ಚಿಕ್ಕ ಕೊಳವೆಯಲ್ಲಿ ಅಳೆದು ಸುರಿಯುತ್ತಿದ್ದರು. ತಕ್ಕಡಿ ಹಿಡಿದದ್ದನ್ನು ನಾನು ನೋಡಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಹೊಗೆಯಿಲ್ಲದ ಮದ್ದು ಬೇರೆಯೇ ವಸ್ತು. ಅದೇ ಕೊಳವೆಯಿಂದ ಅದನ್ನು ಅಳೆದು ಕೇಪಿನ ಕೋವಿಗೆ ತುಂಬಿದರೆ ಕೋವಿಯ ಬುಡ ಉಳಿಯುವುದಿಲ್ಲ, ಹಿಡಿದವನ ಕೈ, ಕಣ್ಣುಗಳೂ ಉಳಿಯುವ ಭರವಸೆಯಿಲ್ಲ. ತಮ್ಮ ಲೇಖನದಲ್ಲಿ ಮದ್ದು ಎಂಬ ಒಂದೇ ಪದವನ್ನು ಎರಡಕ್ಕೂ ಬಳಸಿರುವುದರಿಂದ, ತೋಟ ಕಾಯಲು ಕೋವಿ ಇಟ್ಟುಕೊಂಡಿರುವ ಯಾವುದೇ ಓದುಗರು ಇದನ್ನು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ.

ಕಾನೂನಿನ ಮಾತು ಕೂಡ ಲೇಖನದಲ್ಲಿ ಬಿಟ್ಟುಹೋಗಿದೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ, ಮಾರಾಟಕ್ಕಾಗಿ ತಯಾರಿಸುವುದಾದರೆ ಬೇಕು. ಭಾರತದಲ್ಲಿ ಹಾಗಿಲ್ಲ; 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಮದ್ದುಗುಂಡು ತಯಾರಿಕೆಗೆ ಪರವಾನಗಿ ಅಗತ್ಯ. ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟೆ ತಯಾರಿಸುವುದಕ್ಕಲ್ಲ.

ತಮ್ಮ ಮುಂದಿನ ಭಾನುವಾರದ ಪುರವಣಿಯಲ್ಲಿ, ಕಡಿಮೆ ಪ್ರಮಾಣದ ಮದ್ದೇ ಉತ್ತಮವೆಂಬ ವಾಕ್ಯವನ್ನು ಹಿಂತೆಗೆದುಕೊಂಡು, ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಲೇಖನ ಪ್ರಕಟವಾದ ಅದೇ ಪುಟದಲ್ಲಿ, ಓದುಗರ ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಒಹಾಯೊ