ಶಾಲೆಯ ನೆರಳು ಗಡಿಯಾರ ಕೆಟ್ಟಿಲ್ಲ

ಫೆಬ್ರವರಿ 10, ಉಡುಪಿ

ಪ್ರಿಯ ಪೋಷಕರೇ, ನಮಸ್ಕಾರ.

ಗೇಟಿನ ಪಕ್ಕ ಮುರಕಲ್ಲಿನಲ್ಲಿ ಕಟ್ಟಿದ ನೆರಳು ಗಡಿಯಾರವನ್ನು ನೀವೆಲ್ಲ ನೋಡಿದ್ದೀರಿ. ಬಸ್ಸಿಗೆ ಕಾಯುವವರೂ ಈಗ ಅದನ್ನೇ ನೋಡುತ್ತಾರೆ. ನವೆಂಬರ್ ಮೊದಲ ವಾರ ಅದು ನಿಮ್ಮ ಕೈಗಡಿಯಾರಕ್ಕಿಂತ ಕಾಲು ಗಂಟೆ ಹಿಂದಿತ್ತು. ಈಗ ಮುಕ್ಕಾಲು ಗಂಟೆ ಹಿಂದಿದೆ. ಗೋಡೆ ವಾಲಿರಬೇಕು ಎಂದು ಕೆಲವರು ಫೋನ್ ಮಾಡಿದಿರಿ. ಒಬ್ಬರು ಮೇಸ್ತ್ರಿಯನ್ನೇ ಕಳಿಸುತ್ತೇನೆ ಎಂದರು. ಆ ಕಾಳಜಿಗೆ ತುಂಬಾ ಧನ್ಯವಾದ. ಆದರೆ ಗೋಡೆ ಒಂದು ನೂಲೂ ಸರಿದಿಲ್ಲ.

ಲೆಕ್ಕ ಹೀಗಿದೆ. ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತವೆ. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಉಡುಪಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ ಬೇಕು. ಹಾಗಾಗಿ ಅವನು ನಮ್ಮ ನೆತ್ತಿಯ ಗೆರೆಗೆ ಬರುವುದು 31 ನಿಮಿಷ ತಡವಾಗಿ. ಈ 31 ನಿಮಿಷ ವರ್ಷವಿಡೀ ಬದಲಾಗುವುದಿಲ್ಲ.

ಬದಲಾಗುವುದು ಇನ್ನೊಂದು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ವೃತ್ತವಲ್ಲ, ಭೂಮಿಯ ಅಕ್ಷವೂ ಓರೆ. ಇದರಿಂದ ನವೆಂಬರ್ ಆರಂಭದಲ್ಲಿ ನೆರಳು 16 ನಿಮಿಷ ಮುಂದೆ ಓಡುತ್ತದೆ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ಹಿಂದೆ ಬೀಳುತ್ತದೆ. ಆಗ 31ರಲ್ಲಿ 16 ಕಳೆದು 15 ಕೂಡಿಸಬೇಕಿತ್ತು. ಈಗ 31ಕ್ಕೆ 14 ಸೇರಿಸಿ 45 ಕೂಡಿಸಬೇಕು. ನೆರಳು 10 ಗಂಟೆ ತೋರಿಸಿದರೆ ಫೋನಿನಲ್ಲಿ 10.45, ಅಷ್ಟೇ. ಏಪ್ರಿಲ್ 15ರ ಹೊತ್ತಿಗೆ ಬರೀ 31 ಸಾಕು.

ಗೋಡೆಯ ಮೇಲಂಚು ಓರೆಯಾಗಿದೆ ಎಂದೂ ಕೇಳಿದ್ದೀರಿ. ಅದು ಓರೆಯಾಗಿಯೇ ಇರಬೇಕು. ಉಡುಪಿಯ ಅಕ್ಷಾಂಶ 13 ಡಿಗ್ರಿ ಚಿಲ್ಲರೆ, ಅಂಚಿನ ಏರೂ ಅಷ್ಟೇ. 20 ಅಡಿ ಉದ್ದದ ಗೋಡೆ ಉತ್ತರದ ತುದಿಯಲ್ಲಿ ಐದು ಅಡಿಯೂ ಇಲ್ಲ. ಜೈಪುರದ ಜಂತರ್ ಮಂತರ್‌ನಲ್ಲಿ ಇದೇ ಬಗೆಯ ಸಾಮ್ರಾಟ್ ಯಂತ್ರವಿದೆ. ಅಲ್ಲಿ ಅಂಚು 27 ಡಿಗ್ರಿ ಏರುತ್ತದೆ, ಗೋಡೆ ಸುಮಾರು 27 ಮೀಟರ್ ಎತ್ತರ. ನೆರಳು ಸೆಕೆಂಡಿಗೆ ಒಂದು ಮಿಲಿಮೀಟರ್ ಸರಿಯುವುದನ್ನು ಕಣ್ಣಾರೆ ನೋಡಬಹುದು.

ನಮ್ಮದರಲ್ಲಿ ನೆರಳಿನ ಅಂಚು ಸ್ವಲ್ಪ ಮಸುಕು. ಸೂರ್ಯ ಚುಕ್ಕಿಯಲ್ಲ, ಅಗಲವಾದ ಬಿಲ್ಲೆ ಅಲ್ವಾ, ಅದಕ್ಕೆ. ಮಕ್ಕಳು ಒಂದು ಹಿಡಿಸೂಡಿ ಕಡ್ಡಿ ಹಿಡಿದು, ಅದರ ನೆರಳು ಮಾಯವಾಗುವ ಜಾಗ ಹುಡುಕಿ ಸಮಯ ಓದುತ್ತಾರೆ. ಪಕ್ಕದಲ್ಲಿ ಆರು ಆರು ಡಿಗ್ರಿಗೆ ಕೆಂಪು ಗೆರೆಗಳಿವೆ. ಅವು ಘಳಿಗೆಯ ಗುರುತು, ಒಂದಕ್ಕೆ 24 ನಿಮಿಷ. ಪಂಚಾಂಗ ನೋಡುವ ಅಜ್ಜ ಅಜ್ಜಿಯರಿಗೆ ಇದನ್ನು ಖಂಡಿತ ತೋರಿಸಿ.

ಒಂದೇ ಕೋರಿಕೆ. ಮಕ್ಕಳ ಎದುರು "ಅದು ತಪ್ಪು ತೋರಿಸುತ್ತದೆ" ಎನ್ನಬೇಡಿ. ಅವರ ಜೊತೆ ನಿಂತು 45 ಕೂಡಿಸಿ ನೋಡಿ. ಬರುವ ಶುಕ್ರವಾರ ಮಧ್ಯಾಹ್ನ 12.30ಕ್ಕೆ ಗೇಟಿನ ಬಳಿ ಬನ್ನಿ. ಕೊಡೆ ತನ್ನಿ, ಸೂರ್ಯನನ್ನು ನೇರವಾಗಿ ನೋಡಬೇಡಿ. 12.45ಕ್ಕೆ ಗೋಡೆಯ ಎರಡೂ ಬದಿಯಲ್ಲಿ ನೆರಳು ಇಲ್ಲವಾಗುತ್ತದೆ. ನಿಮಿಷ ಎಣಿಸುವ ಕೆಲಸ ಏಳನೇ ತರಗತಿಯವರದು.

ಇತಿ,
ಮುಖ್ಯೋಪಾಧ್ಯಾಯಿನಿ